ಹೊಲದಂಚಿನ ನಾರು

ಬೈಲಹೊಂಗಲದ ಎರೆಭೂಮಿಯಲ್ಲಿ ಹತ್ತಿಗೆ ಸಲ್ಲುವ ಗೌರವ ಅಷ್ಟಿಷ್ಟಲ್ಲ. ಅದಕ್ಕೆ ಪೇಟೆಯುಂಟು, ತಕ್ಕಡಿಯುಂಟು, ಅರಳೆಯನ್ನು ಬೀಜದಿಂದ ಬಿಡಿಸುವ ಜಿನ್ನುಗಳುಂಟು. ಅದೇ ಹೊಲದಂಚಿನಲ್ಲಿ ಆಳೆತ್ತರಕ್ಕೆ ಬೆಳೆದು ಹಳದಿ ಹೂವರಳಿಸುವ ಪುಂಡಿಯನ್ನಾದರೋ ಬೆಳೆಯೆಂದು ಎಣಿಸಿದವರು ವಿರಳ. ಎಳೆಯ ಸೊಪ್ಪು ಜೋಳದ ನುಚ್ಚಿನೊಡನೆ ಬೆಂದು ರೊಟ್ಟಿಗೆ ಹುಳಿಪಲ್ಲೆಯಾದರೆ, ಬಲಿತ ಕಾಂಡದ ತೊಗಟೆ ನಾರಾಗಿ, ಹುರಿಗೊಂಡು, ಎತ್ತಿಗೆ ಕಣ್ಣಿಯೂ ಮೂಗುದಾಣವೂ ಅಡಿಗೆಮನೆಗೆ ನೆಲುವೂ ಆಗುತ್ತಿತ್ತು.

ಮುನವಳ್ಳಿಯ ಸಮೀಪದ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಇನ್ನೂ ಪುಂಡಿ ಕೊಳೆಹಾಕುತ್ತಾರೆಂದು ಕೇಳಿ ಹೋದವನು ನಾನು. ಹಳ್ಳದ ಮಡುವಿನಲ್ಲಿ ಕಾಂಡದ ಕಟ್ಟುಗಳು ಕಲ್ಲು ಹೇರಿಸಿಕೊಂಡು ಮುಳುಗಿದ್ದವು. ದುರ್ಗಂಧವು ದಡಕ್ಕಿಂತ ಮೊದಲೇ ಎದುರ್ಗೊಂಡಿತು. ತೊಗಟೆಯನ್ನು ಕಟ್ಟಿಗೆಗೆ ಬೆಸೆದಿರುವ ಪೆಕ್ಟಿನ್ ಎಂಬ ಅಂಟನ್ನು ನೀರಿನ ಸೂಕ್ಷ್ಮಜೀವಿಗಳು ಕರಗಿಸಲು ಸಾಮಾನ್ಯವಾಗಿ 10ರಿಂದ 20 ದಿನ ಹಿಡಿಯುತ್ತದೆ. ಒಂದು ದಿನ ಮುಂಚೆ ಎತ್ತಿದರೆ ತೊಗಟೆ ಬಿಡದು, ಎರಡು ದಿನ ತಡೆದರೆ ನಾರಿನ ಸತ್ತ್ವವೇ ಉಡುಗುವುದು. ಅಜ್ಜ ಮೊಣಕಾಲುದ್ದ ನೀರಿಗಿಳಿದು, ಕಟ್ಟಿನ ನಡುವಿನಿಂದ ಒಂದೇ ಒಂದು ಕಾಂಡವನ್ನು ಸೆಳೆದು, ಬುಡದ ಬಳಿ ಹೆಬ್ಬೆಟ್ಟನ್ನೊತ್ತಿ ಮೆಲ್ಲನೆ ಜಾರಿಸಿದರು. ತೊಗಟೆ ಗೇಣುದ್ದ ಬಂದು ನಿಂತಿತು. “ಇನ್ನೊಂದು ದಿನ ಬೇಕ್ರಿ,” ಎಂದು ಆ ಕಾಂಡವನ್ನು ಕಟ್ಟಿನೊಳಕ್ಕೇ ತೂರಿಸಿದರು. ಮರುದಿನ ಅದೇ ತೊಗಟೆ ಅಂಗಿಯ ತೋಳಿನಂತೆ ಸರಾಗವಾಗಿ ಕಳಚಿತು. ಬಳಿಕ ಬಡಿಯುವುದು, ತೊಳೆಯುವುದು, ಒಣಗಿಸುವುದು. ನಾರನ್ನು ಒಂದು ದಿಕ್ಕಿಗೆ ಹುರಿಮಾಡಿ, ಮೂರು ಹುರಿಗಳನ್ನು ವಿರುದ್ಧ ದಿಕ್ಕಿಗೆ ಹೊಸೆದರೆ, ಬಿಚ್ಚಲೆಳಸುವ ಒಂದನ್ನು ಇನ್ನೊಂದು ಬಿಗಿಹಿಡಿದು ಹಗ್ಗವಾಗುತ್ತದೆ.

ಹಿಂದೆ ಸುಗ್ಗಿಯಲ್ಲಿ ಕಣಕಣಕ್ಕೂ ಹೋಗಿ, ವರ್ಷವಿಡೀ ಕೊಟ್ಟ ಹಗ್ಗಕ್ಕೆ ಆಯದ ಜೋಳವನ್ನು ತರುತ್ತಿದ್ದರೆಂಬುದು ಅಜ್ಜ ಹೇಳಿದ ಇತಿಹಾಸ. ಹೊರಜಗತ್ತಿನ ಇತಿಹಾಸ ಬೇರೆ. ಆಂಧ್ರದ ಭೀಮುನಿಪಟ್ಟಣಂ ಬಂದರಿನಿಂದಾಗಿ ‘ಬಿಮ್ಲಿ’ ಸೆಣಬೆಂದು ವಾಣಿಜ್ಯದಲ್ಲಿ ಹೆಸರಾದ ಈ ನಾರಿಗೆ, 1947ರ ದೇಶವಿಭಜನೆಯಲ್ಲಿ ಸೆಣಬಿನ ಹೊಲಗಳು ಬಹುಪಾಲು ಪೂರ್ವ ಪಾಕಿಸ್ತಾನಕ್ಕೂ ಗಿರಣಿಗಳು ಕಲಕತ್ತೆಗೂ ಉಳಿದಾಗ, ಒಮ್ಮೆಗೇ ಬೆಲೆ ಬಂದಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಇದರ ಕುರಿತು ಸಂಶೋಧನೆ ನಡೆದಿದೆ. ಯಂತ್ರಗಳೂ ಬಂದಿವೆ: ಹಲ್ಲುಳ್ಳ ಉರುಳೆಗಳ ನಡುವೆ ಹಸಿಕಾಂಡವನ್ನು ಕೊಟ್ಟರೆ ಕಟ್ಟಿಗೆ ಮುರಿದುದುರಿ ತೊಗಟೆ ಪಟ್ಟಿಯಾಗಿ ಹೊರಬರುತ್ತದೆ, ಅದನ್ನಷ್ಟೇ ನೆನೆಹಾಕುವುದರಿಂದ ನೀರೂ ಉಳಿತಾಯ, ದಿನವೂ ಉಳಿತಾಯ. ಕಿತ್ತೂರಿನ ಮಲೆನಾಡ ಸೆರಗಿಗಿಂತ ರಾಮದುರ್ಗದ ಒಣಬಯಲಿಗೆ ಇದರ ಉಪಕಾರ ಹೆಚ್ಚು. ಇದನ್ನು ವಿವರಿಸಿದಾಗ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: “ಅಂಟು ಬಿಟ್ಟೈತೋ ಇಲ್ಲೋ ನೋಡಾಕ ಮಷೀನಿಗೆ ಹೆಬ್ಬೆಟ್ಟು ಐತೇನ್ರಿ?”

ಯಂತ್ರವೂ ಆ ಹೆಬ್ಬೆಟ್ಟೂ ಒಂದೇ ಊರಿನಲ್ಲಿ ಇರಬಾರದೇಕೆಂದು ನನಗನ್ನಿಸಿತು. ಆದರೆ ನೈಲಾನ್ ಹಗ್ಗದ ಸುರುಳಿ ಸಂತೆಯಲ್ಲಿ ಅಗ್ಗವಾಗಿ ದೊರೆಯುವಾಗ ಯಂತ್ರವನ್ನು ತರುವವರಾರು? “ನೈಲಾನ್ ಗಟ್ಟಿ ಐತ್ರಿ, ಸುಳ್ಳು ಹೇಳಬಾರದು. ಆದ್ರ ಎತ್ತಿನ ಮೂಗನ್ನ ಕೇಳ್ರಿ,” ಎಂದರು ಅಜ್ಜ, ಅವರ ಅಂಗಳದ ಗೋದಲಿಯಲ್ಲಿ ಮೇವಿರಲಿಲ್ಲ, ಬಾಡಿಗೆಯ ಟ್ರಾಕ್ಟರೇ ಅವರ ಹೊಲವನ್ನೂ ಉಳುತ್ತದೆ.

ಬೀಳ್ಕೊಡುವಾಗ ಅವರು ಕೊಟ್ಟ ಕಣ್ಣಿಯಿಂದ ಹಳೆಯ ಮಾಸಪತ್ರಿಕೆಗಳ ಕಟ್ಟೊಂದನ್ನು ಬಿಗಿದಿಟ್ಟಿದ್ದೇನೆ. ಮಳೆಗಾಲದ ತೇವಕ್ಕೆ ನಾರು ಉಬ್ಬಿ, ಯಾರೂ ಎಳೆಯದ ಆ ಗಂಟು ತಾನಾಗಿಯೇ ಇನ್ನಷ್ಟು ಬಿಗಿಯಾಗುತ್ತದೆ.