ಠಾಣೆ ಪರಿಸರದ ಕನ್ನಡ ಅಸ್ಮಿತೆ: ಸಂಕೇತ ಮತ್ತು ಸಾಧನ

ಒಂದು ಸಮುದಾಯದ ಅಸ್ಮಿತೆಯನ್ನು ಸೂಚಿಸುವ ಸಂಕೇತಗಳನ್ನೂ ಅದನ್ನು ರೂಪಿಸುವ ಸಾಧನಗಳನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ಬ್ರಿಟನ್ನಿನ ಧ್ವಜದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಶಿಲುಬೆಗಳು ಕೂಡಿವೆ, ವೇಲ್ಸಿನ ಗುರುತಿಲ್ಲ. ಆದರೂ ಆ ನಾಡಿನವರು ಬ್ರಿಟಿಷರೆನಿಸಿದ್ದಾರೆ. ಸಂಕೇತವು ಎಲ್ಲರನ್ನೂ ಒಳಗೊಳ್ಳದೆಯೂ ಅಸ್ಮಿತೆ ಬೆಳೆಯಬಲ್ಲದೆಂಬುದಕ್ಕೆ ಇದು ನಿದರ್ಶನ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಈ ಪ್ರದೇಶಕ್ಕೂ ಕರ್ನಾಟಕದ ಅರಸೊತ್ತಿಗೆಗೂ ಇರುವ ನಂಟು ಪ್ರಾಚೀನವಾದುದು. ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು. ನೆರೆಯ ಕಾನ್ಹೇರಿಯ 9ನೆಯ ಶತಮಾನದ ಶಾಸನಗಳು ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುತ್ತವೆ. ಅದೇ ಅರಸನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. ಆದರೆ ಇಂದಿನ ಕನ್ನಡ ಸಮುದಾಯ ಬಹುಮಟ್ಟಿಗೆ 20ನೆಯ ಶತಮಾನದ ವಲಸೆಯ ಫಲ. ಹೋಟೆಲು, ಕಾರ್ಖಾನೆ, ಬ್ಯಾಂಕು, ಕಚೇರಿಗಳ ದುಡಿಮೆ ಅದನ್ನು ಇಲ್ಲಿಗೆ ಕರೆತಂದಿತು.

ಈ ಸಮುದಾಯದ ಭಾಷಾಸ್ಥಿತಿ ಗಮನಾರ್ಹ. ಕರಾವಳಿಯಿಂದ ಬಂದವರಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಅವರಿಗೆ ಕನ್ನಡವು ಶಾಲೆ, ಪತ್ರಿಕೆ ಹಾಗೂ ಯಕ್ಷಗಾನದ ಮೂಲಕ ಒಲಿದ ಭಾಷೆ. ತುಳುವರ ಮದುವೆಯ ಕರೆಯೋಲೆಯೂ ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮರಾಠಿ ಆಡುವವನೇ ತಾಳಮದ್ದಳೆಯಲ್ಲಿ ಪ್ರೌಢ ಕನ್ನಡದ ಅರ್ಥಧಾರಿಯಾಗುತ್ತಾನೆ. ಇದಕ್ಕೆ ಪ್ರತಿಯಾಗಿ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮನೆಮಾತೇ ಕನ್ನಡವಾದರೂ ಸಂಘಸಂಸ್ಥೆಗಳ ವೇದಿಕೆಯಲ್ಲಿ ಅವರ ದನಿ ಕೇಳಿಬರುವುದು ವಿರಳ. ಮನೆಮಾತೊಂದನ್ನೇ ಅಳತೆಗೋಲಾಗಿಸಿಕೊಂಡರೆ ಈ ಎರಡೂ ವರ್ಗಗಳ ನೈಜ ಸ್ಥಿತಿ ಮರೆಯಾಗುತ್ತದೆ.

ನವೆಂಬರ್ 1ರ ರಾಜ್ಯೋತ್ಸವ, ಹಳದಿ-ಕೆಂಪು ಬಾವುಟ, ಭುವನೇಶ್ವರಿಯ ಚಿತ್ರ ಮುಂತಾದ ಸಂಕೇತಗಳು ಇಲ್ಲಿಯೂ ಸಲ್ಲುತ್ತವೆ. 1956ರ ಏಕೀಕರಣದ ನೆನಪನ್ನು ಅವು ಆ ರಾಜ್ಯದ ಗಡಿಯಾಚೆಗೂ ಒಯ್ದಿವೆ. ಆದರೆ ವರ್ಷಕ್ಕೊಮ್ಮೆ ಬಾವುಟವನ್ನೇರಿಸುವುದು ಸುಲಭ. ಮಗುವಿಗೆ ಕಾಗುಣಿತ ಕಲಿಸುವುದು ನಿತ್ಯದ ದುಡಿಮೆ. ಮುಂಬಯಿ ಪರಿಸರದ ಕನ್ನಡ ಶಾಲೆಗಳೂ ಹಗಲು ಹೋಟೆಲಿನಲ್ಲಿ ದುಡಿದವರಿಗೆ ಅಕ್ಷರವಿತ್ತ ರಾತ್ರಿಶಾಲೆಗಳೂ ಆ ದುಡಿಮೆಯನ್ನು ಕೈಗೊಂಡವು. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥನ ಹೆಸರಿನಲ್ಲಿ ವಿದ್ಯಾಸಂಸ್ಥೆಗಳನ್ನೇ ಕಟ್ಟಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಕರಾವಳಿಯ ಊರುಗಳನ್ನು ಒಂದು ರಾತ್ರಿಯ ಪಯಣದಷ್ಟು ಸಮೀಪಕ್ಕೆ ತಂದಿತು.

ಇಂದು ಇಂಗ್ಲಿಷ್ ಮಾಧ್ಯಮದತ್ತ ಪಾಲಕರ ಒಲವು ಹೆಚ್ಚಿದಂತೆ ಕನ್ನಡ ಮಾಧ್ಯಮದ ತರಗತಿಗಳು ಬರಿದಾಗುತ್ತಿವೆ. ತುಳು ಮನೆಯಲ್ಲಿ ಉಳಿದೀತು. ಶಾಲೆಯಿಂದಲೇ ಬಂದ ಕನ್ನಡಕ್ಕೆ ಶಾಲೆಯಿಲ್ಲವಾದರೆ ಬೇರೆ ಆಸರೆ ಕಡಿಮೆ. ಆದ್ದರಿಂದ ಹೊರನಾಡ ಕನ್ನಡದ ಅಧ್ಯಯನಕಾರರು ಉತ್ಸವಗಳನ್ನು ಎಣಿಸುವುದರೊಡನೆ, ಮುಂದಿನ ತಲೆಮಾರಿನಲ್ಲಿ ಕನ್ನಡ ಲಿಪಿಯನ್ನು ಓದಬಲ್ಲವರೆಷ್ಟು ಮಂದಿ ಎಂಬುದನ್ನೂ ಅರಸಬೇಕೆಂದು ನಾವು ಭಾವಿಸುತ್ತೇವೆ.