ಹಿಡಿದ ಮೀನನ್ನು ಬಿಡುವ ವಿದ್ಯೆ

1908ರ ಮೂಸಿ ಪ್ರವಾಹದ ತರುವಾಯ, ವಿಶ್ವೇಶ್ವರಯ್ಯನವರ ಸಲಹೆಯಂತೆ ಹೈದರಾಬಾದಿನ ಹೊರವಲಯದಲ್ಲಿ ನಿರ್ಮಿತವಾದ ಗಂಡಿಪೇಟೆಯಂತಹ ಜಲಾಶಯಗಳನ್ನು ಕಂಡಾಗ ಗಾಳದ ವಿನೋದಪ್ರಿಯರಿಗೆ ಕೈ ತುರಿಸುವುದು ಸಹಜವೇ. ಆದರೆ ಅನುಮತಿಯುಳ್ಳೆಡೆಯಲ್ಲಿ ಮಾತ್ರ ಗಾಳವಿಳಿಸತಕ್ಕದ್ದು. ತೆಲಂಗಾಣದ ರಾಜ್ಯಮತ್ಸ್ಯವಾದ ಕೊರಮೀನು ಹೊರಗಾಳಿಯನ್ನೂ ಉಸಿರಾಡಬಲ್ಲುದೆಂಬ ಧೈರ್ಯದಿಂದ ಅದನ್ನು ದಡದಲ್ಲಿ ಹೊರಳಾಡಿಸುವವರುಂಟು. ಒಣಗೈ ಸೋಕಿದೊಡನೆ ಅದರ ಮೈಯ ಲೋಳೆಯ ಕವಚವಳಿದು ರೋಗಾಣುಗಳಿಗೆ ದ್ವಾರ ತೆರೆಯುವುದೆಂಬುದನ್ನು ಅವರರಿಯರು. ಕೊಕ್ಕೆಯ ಮುಳ್ಳನ್ನು ಮೊದಲೇ ಚಪ್ಪಟೆಗೊಳಿಸಿ, ಕೈ ಒದ್ದೆಮಾಡಿಕೊಂಡು, ಕಿವಿರುಗಳನ್ನು ಮುಟ್ಟದೆ, ನೀರಿನಲ್ಲೇ ಕೊಕ್ಕೆ ಬಿಡಿಸಿ, ಮೀನು ತಾನಾಗಿ ಈಜಿ ಹೋಗುವವರೆಗೆ ಆಧಾರವಾಗಿ ಹಿಡಿದಿರುವುದೇ ಕ್ರಮ. ಛಾಯಾಚಿತ್ರದ ಚಾಪಲ್ಯ ಕ್ಷಣಮಾತ್ರವಿರಲಿ! ಬೇಸಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕ್ಷೀಣಿಸುವುದರಿಂದ ದೀರ್ಘಕಾಲ ಸೆಣಸಾಡಿಸಿದ ಮೀನು, ಬಿಟ್ಟರೂ ಬದುಕದಿರಬಹುದು. ಮಳೆಗಾಲದಲ್ಲಂತೂ ಮರಿಗಳನ್ನು ಕಾಯುತ್ತಿರುವ ಕೊರಮೀನನ್ನು ಸೆಳೆದರೆ, ರಕ್ಷಕರಿಲ್ಲದ ಆ ಹಿಂಡು ಅನ್ಯಮತ್ಸ್ಯಗಳಿಗೆ ಆಹಾರವಾಗುವುದು.