ಹತ್ತು ಚಕ್ರದ ಲೆಕ್ಕ

ಗೊಟ್ಟಿಗೆರೆಯಲ್ಲಿ ನೈಸ್ ರಸ್ತೆ ಬನ್ನೇರುಘಟ್ಟ ರಸ್ತೆಗೆ ಸಿಗುವ ಕಡೆ ಅರ್ಧ ಗಂಟೆ ನಿಂತರೆ ಎರಡು ಬಗೆಯ ಲಾರಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಹೊಸೂರು ರಸ್ತೆಯಿಂದ ಬಂದು ಊರೊಳಗೆ ನುಗ್ಗದೆ ಮೈಸೂರು, ತುಮಕೂರು ರಸ್ತೆಗಳ ಕಡೆಗೆ ಓಡುವ ಸರಕಿನ ಲಾರಿ. ಇನ್ನೊಂದು, ಜಿಗಣಿ ಕಡೆಯಿಂದ ಜಲ್ಲಿ, ಎಂ-ಸ್ಯಾಂಡ್ ಹೊತ್ತು ಬರುವ ಟಿಪ್ಪರ್.

ನಮ್ಮಪ್ಪನದು ಮೊದಲನೆಯ ಬಗೆ. ಒಂದೇ ಲಾರಿ, ಹತ್ತು ಚಕ್ರ, ತಿಂಗಳು ತಿಂಗಳು ಸಾಲದ ಕಂತು. ಈ ವರ್ಷ ಹತ್ತೂ ಟಯರ್ ಬದಲಿಸಬೇಕಾಗಿ ಬಂತು. ‘ನೈಲಾನೇ ಹಾಕಿಸ್ತೀನಿ, ರೇಡಿಯಲ್‌ಗಿಂತ ಒಂದಕ್ಕೆ ಮೂರು ಸಾವಿರ ಕಡಿಮೆ’ ಅಂದರು. ಹತ್ತಕ್ಕೆ 30 ಸಾವಿರ. ನಮ್ಮ ಮನೆಗೆ ಅದು ಸಣ್ಣ ಮೊತ್ತವಲ್ಲ, ನನ್ನ ಕಾಲೇಜು ಫೀಸೂ ಅದೇ ಜೇಬಿನಿಂದ ಬರಬೇಕು.

ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಓದುತ್ತಿರುವ ನಾನು ಡೀಸೆಲ್ ಬಿಲ್‌ಗಳನ್ನು ಮುಂದಿಟ್ಟುಕೊಂಡು ಕೂತೆ. ವರ್ಷಕ್ಕೆ ಸುಮಾರು 60 ಸಾವಿರ ಕಿ.ಮೀ., ಲೀಟರ್‌ಗೆ 4 ಕಿ.ಮೀ. ಅಂದರೆ 15 ಸಾವಿರ ಲೀಟರ್. ಲೀಟರ್‌ಗೆ 90 ರೂಪಾಯಿ ಹಿಡಿದರೆ 13.5 ಲಕ್ಷ! ರೇಡಿಯಲ್‌ನಿಂದ ಶೇ 4ರಷ್ಟು ಉಳಿದರೂ 600 ಲೀಟರ್, 54 ಸಾವಿರ ರೂಪಾಯಿ. ಹೆಚ್ಚು ಕೊಟ್ಟ ಮೂವತ್ತು ಸಾವಿರ ಏಳು ತಿಂಗಳೊಳಗೆ ವಾಪಸ್.

ಉಳಿತಾಯ ಎಲ್ಲಿಂದ ಬರುತ್ತದೆ? ನೈಲಾನ್ ಟಯರ್‌ನಲ್ಲಿ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ಚಕ್ರ ಉರುಳಿದಂತೆಲ್ಲ ಅವು ಒಂದಕ್ಕೊಂದು ತಿಕ್ಕಿ ಬಿಸಿಯಾಗುತ್ತವೆ. ರೇಡಿಯಲ್‌ನಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ, ನೆಲಕ್ಕೆ ತಾಗುವ ಭಾಗದ ಕೆಳಗೆ ಉಕ್ಕಿನ ಪಟ್ಟಿ ಇರುತ್ತದೆ. ಪಕ್ಕದ ಗೋಡೆ ಬಾಗಿದರೂ ಮೇಲ್ಮೈ ನೆಲಕ್ಕೆ ಸಮವಾಗಿ ಕೂರುತ್ತದೆ, ಬಿಸಿ ಕಡಿಮೆ. ಟ್ರಿಪ್ ಮುಗಿಸಿ ಬಂದ ಟಯರ್ ಮುಟ್ಟಿದಾಗ ಕೈಗೆ ತಾಗುವ ಬಿಸಿ ಬೇರೇನಲ್ಲ, ನಾವು ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲೇ.

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ‘ಕ್ವಾರಿಯವರು ದಡ್ಡರಾ, ಇನ್ನೂ ನೈಲಾನ್ ಯಾಕೆ ಹಾಕಿಸ್ತಾರೆ?’ ಎಂದು ಕೇಳಿದರು. ಪ್ರಶ್ನೆ ಸರಿಯಾಗೇ ಇತ್ತು. ಚೂಪುಗಲ್ಲಿನ ದಾರಿ, ಮಿತಿಮೀರಿದ ಲೋಡು, ಸಣ್ಣ ದೂರ, ನಿಧಾನ ಓಟ. ಅಲ್ಲಿ ರೇಡಿಯಲ್‌ನ ತೆಳು ಪಕ್ಕದ ಗೋಡೆ ಸೀಳಿದರೆ ಮೈಲೇಜಿನ ಲಾಭವೆಲ್ಲ ಒಂದೇ ದಿನಕ್ಕೆ ಹೋಗುತ್ತದೆ. ಜಿಗಣಿ ಟಿಪ್ಪರ್‌ಗೆ ಸರಿಯಾದ ಟಯರ್ ನಮ್ಮ ಹೆದ್ದಾರಿ ಲಾರಿಗೆ ಸರಿಯಾಗಬೇಕಿಲ್ಲ. ಇದನ್ನು ಮೊದಲು ಬಾಯಿಬಿಟ್ಟು ಹೇಳಿದ್ದೂ ಅಪ್ಪನೇ, ನಾನಲ್ಲ.

ಅವರನ್ನು ಕೊನೆಗೆ ಒಪ್ಪಿಸಿದ್ದು ರೀಸೋಲ್ ಮಾತು. ಒಳಗಿನ ಮೈ ಗಟ್ಟಿಯಿದ್ದರೆ ರೇಡಿಯಲ್‌ಗೆ ಎರಡು ಸಲವಾದರೂ ಹೊಸ ಮೇಲ್ಮೈ ಕೂರಿಸಬಹುದು, ಅದೂ ಹೊಸ ಟಯರ್‌ನ ಬೆಲೆಯ ಒಂದು ಪಾಲಿಗೆ. ನಮ್ಮ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳ ಟಯರ್‌ಗೆ ಮಾಡುವುದೂ ಇದನ್ನೇ. ಆದರೆ ಓವರ್‌ಲೋಡ್ ಮಾಡಿದವರಿಗೆ ಈ ಲಾಭ ಸಿಗದು.

ಟಯರ್ ಬಿಚ್ಚಿಸುವಾಗ ಇನ್ನೊಂದು ಗೊತ್ತಾಯಿತು. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದಕ್ಕೆ ಗಾಳಿ ತುಂಬಾ ಕಡಿಮೆ ಇತ್ತು. ಹೊರಗಿನದು ಇಬ್ಬರ ಭಾರವನ್ನೂ ಹೊತ್ತು ಒಂದೇ ಕಡೆ ಸವೆದಿತ್ತು. ಎಲ್ಲ ಚಕ್ರಗಳಲ್ಲೂ 10 ಪಿಎಸ್‌ಐ ಕಡಿಮೆಯಾದರೆ ಮೈಲೇಜು ಸುಮಾರು ಶೇ 1ರಷ್ಟು ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 13,500 ರೂಪಾಯಿ. ಒಳಗಿನ ಚಕ್ರಕ್ಕೆ ಕೈ ಹಾಕಲು ಬೇಜಾರು ಅಂತ ಇಷ್ಟು ದಿನ ಸುತ್ತಿಗೆಯಿಂದ ತಟ್ಟಿ ನೋಡಿ ಸುಮ್ಮನಾಗುತ್ತಿದ್ದರಂತೆ. ಈಗ 20 ರೂಪಾಯಿಯ ನೋಟ್‌ಬುಕ್ಕೊಂದು ಡ್ಯಾಶ್‌ಬೋರ್ಡಿನಲ್ಲಿದೆ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿದಾಗ ಕಿ.ಮೀ., ಲೀಟರ್, ಗಾಳಿ ಮೂರನ್ನೂ ಬರೆಯುತ್ತಾರೆ.

ಅರ್ಧ ದುಡ್ಡು ಸಾಲ ಹೇಳಿ ಹತ್ತೂ ರೇಡಿಯಲ್ ಹಾಕಿಸಿ ಎರಡು ತಿಂಗಳಾಯಿತು. ಮೈಲೇಜು 4.2ರ ಆಸುಪಾಸಿನಲ್ಲಿದೆ. ನಾನು ಬೀಗಿದರೆ ಅಪ್ಪ ‘ಶಿರಾಡಿ ಘಾಟಿ ಮಳೆಗಾಲ ಮುಗೀಲಿ, ಆಮೇಲೆ ಮಾತಾಡು’ ಅನ್ನುತ್ತಾರೆ.